ಒದ್ದೆ ಎಂಬ ಉತ್ತರ

ಗೋಣಿಕೊಪ್ಪಲಿನ ಕ್ಯೂರಿಂಗ್ ವರ್ಕ್ಸಿನ ಮಹಡಿಯಲ್ಲಿ
ನಾವು ನಾಲ್ವರು; ಪುಕ್ಕಟೆ ಯೋಜನೆ ಮೂವರಿಗೆ.
ಅಲ್ಲಿಂದಲೇ ಶುರುವಾಯಿತು ಜಗಳ.

ನಮ್ಮ ಕೆಲಸ ದೊಡ್ಡದೇನಲ್ಲ.
ತೋಟದವರ ಮೊಬೈಲು ಕೇಳುತ್ತದೆ: ನನ್ನ ಗೋಣಿ ಎಷ್ಟು ತೂಗಿತು?
ನಮ್ಮ ಎಪಿಐ ಹೇಳಬೇಕು, ನಿಜ ಹೇಳಬೇಕು,
ಹೇಗೆ ಕೇಳಬೇಕೆಂಬುದನ್ನು ಎಲ್ಲಾದರೂ ಬರೆದಿಟ್ಟಿರಬೇಕು.

ಬೆಳ್ಯಪ್ಪನಿಗೆ ಬೇಕಾದ್ದು ಆ ಕಿತ್ತಳೆ ಬಣ್ಣದ್ದು.
ಒತ್ತಿದರೆ ಸಾಕು, ಹಸಿರು ಚುಕ್ಕೆ ಕಣ್ಣು ಹೊಡೆಯುತ್ತದೆ.
"ಎಲ್ಲರೂ ಬಳಸುವುದು ಇದನ್ನೇ" ಎನ್ನುತ್ತಾನೆ;
ಎಲ್ಲರೂ ಅಂದರೆ ಯಾರು ಎಂದರೆ ಕಿಟಕಿ ನೋಡುತ್ತಾನೆ.
ತಕ್ಕಡಿ ಕೆಟ್ಟು ನಿಂತ ದಿನವೂ ಅದರ ಅಣಕು ಸರ್ವರ್
ಐವತ್ತು ಕಿಲೋ, ಐವತ್ತು ಕಿಲೋ ಎಂದು
ಗಿಳಿಪಾಠ ಒಪ್ಪಿಸುತ್ತಲೇ ಇತ್ತು. ಹಸಿರು ಚುಕ್ಕೆ.
ನಮ್ಮ ಕೀಲಿಗಳೆಲ್ಲ ಅದರ ಮೋಡದಲ್ಲಿ.
ಇಲ್ಲಿಯೋ, ಜೂನ್ ಬಂತೆಂದರೆ ಮೋಡ ಕೆಳಗಿಳಿದು
ಕರೆಂಟನ್ನೂ ನೆಟ್‌ವರ್ಕನ್ನೂ ಒಟ್ಟಿಗೆ ಒಯ್ಯುತ್ತದೆ.
ಲಾಗಿನ್ ಆಗದೆ ಬಾಯಿ ಬಿಡದ ಪೆಟ್ಟಿಗೆಯ ಮುಂದೆ
ಕಳೆದ ವರ್ಷ ಎರಡು ದಿನ ಕೂತಿದ್ದೆ, ಮೇಣದಬತ್ತಿ ಹಚ್ಚಿ.

ಶಂಸು ತಂದದ್ದು ದೊಡ್ಡ ಕಂಪನಿಯದು:
ಗೇಟು, ಕಾವಲು, ನಿಮಿಷಕ್ಕೆ ಇಷ್ಟೇ ಎಂಬ ಪಡಿ.
ದಿನಕ್ಕೆ ನೂರಿಪ್ಪತ್ತು ಸಲ ಬಡಿಯುವ ಕದಕ್ಕೆ
ಕೋಟೆಯ ಹೆಬ್ಬಾಗಿಲು.
ಬೆಲೆ ತಿಳಿಯಲು ಫೋನ್ ನಂಬರ್ ಕೊಡಬೇಕು. ಕೊಟ್ಟ.
ಈಗ ದಿನಾ ಹನ್ನೊಂದಕ್ಕೆ ಒಬ್ಬಳು ಹಿಂದಿಯಲ್ಲಿ
ಅವನ ಆರೋಗ್ಯ ವಿಚಾರಿಸುತ್ತಾಳೆ.

ಚೊಂದಮ್ಮ ಏನೂ ತಂದಿರಲಿಲ್ಲ.
ವಿವರಣೆ ಬರೆಯುವ ಅವಳನ್ನು ನಾಲ್ಕನೆಯವಳೆಂದು
ನಾವೇ ಎಣಿಸಿಬಿಟ್ಟಿದ್ದೆವು, ಬೆರಳು ಮಡಿಸುತ್ತ:
ಒಂದು, ಎರಡು, ಮೂರು, ಆಮೇಲೆ ಕಿರುಬೆರಳು.

ಗುರುವಾರ ಸಂಜೆ ಮಾಲೀಕರು ಮೆಟ್ಟಿಲಲ್ಲೇ ನಿಂತು ಕೂಗಿದರು:
"ನಾಳೆ ಹೇಳಿಬಿಡಿ. ಅಗ್ಗದ್ದು ಯಾವುದು?"

ಚಹಾಕ್ಕೆಂದು ಕೆಳಗಿಳಿದೆ.
ಮೊಯ್ದುಕ್ಕ ಓಟಿ ನೋಡುತ್ತಿದ್ದರು.
ಕುಟ್ಟದ ಕಡೆಯ ಲಾರಿ, ರೋಬಸ್ಟಾ ಚೆರಿ, ಎಂಬತ್ತು ಗೋಣಿ.
ಕಬ್ಬಿಣದ ಕೊಳವೆ ಮೇಲೆ ಚುಚ್ಚಿದರು, ನಡುವೆ ಚುಚ್ಚಿದರು,
ಮಂಡಿಯೂರಿ, ಎಲ್ಲರೂ ಮರೆಯುವ ಬುಡಕ್ಕೆ ಚುಚ್ಚಿದರು.
ಬುಡದಲ್ಲೇ ಸುಳ್ಳಿರುವುದು, ಎಂದರು, ಯಾರಿಗೂ ಅಲ್ಲ.
ಸಿಪ್ಪೆ ಬಿಡಿಸಿ, ತೂಗಿ, ಒಂದು ಬೀಜ ಹಲ್ಲಲ್ಲಿ ಕಚ್ಚಿ,
ಚೀಟಿಯಲ್ಲಿ ಗೀಚಿದರು: ಓಟಿ ಇಪ್ಪತ್ತಾರೂವರೆ.
ತೇವ ಹನ್ನೆರಡು. ಲಾರಿಯ ಟಾರ್ಪಾಲಿನಲ್ಲಿ ತೂತು.
ಆ ಚೀಟಿಯನ್ನು ಬೀರುವಿಗೆ ಕಳಿಸಲಿಲ್ಲ;
ಅದೇ ಗೋಣಿಯ ಕಿವಿಗೆ ದಬ್ಬಳದಿಂದ ಹೊಲಿದರು.

ನನ್ನ ಚಹಾ ತಣ್ಣಗಾಯಿತು.

ಶುಕ್ರವಾರ ಆರಿಸಿದ್ದು ಪಟ್ಟಿಯ ಕೊನೆಗಿದ್ದದ್ದು,
ಚಂದವಿಲ್ಲದ್ದು, ಬರೀ ಅಕ್ಷರದ ಕಡತ:
ಕೋರಿಕೆಯೂ ಪರೀಕ್ಷೆಯೂ ವಿವರಣೆಯೂ ಒಂದೇ ಹಾಳೆಯಲ್ಲಿ,
ಹಾಳೆ ಕೋಡಿನ ಮಗ್ಗುಲಲ್ಲೇ, ಹೊಲಿದ ಹಾಗೆ.
ಮೋಡ ಇಳಿದರೂ ತೆರೆಯುತ್ತದೆ. ತಲೆ ಎಣಿಸುವುದಿಲ್ಲ.
ಬೆಳ್ಯಪ್ಪ ಮುನಿಸಿಕೊಂಡ;
ಇನ್ನೂ ಗುಟ್ಟಾಗಿ ಕಿತ್ತಳೆಯದನ್ನೇ ತೆರೆಯುತ್ತಾನೆ,
ನಾನು ನೋಡಿಯೂ ನೋಡಿಲ್ಲ.

ಮೊದಲ ದಿನವೇ ಬುಡಕ್ಕೆ ಚುಚ್ಚಿದೆವು.
ನೂರು ಗೋಣಿಯ ತೇವ ಕೇಳಿದೆವು.
ತೊಂಬತ್ತೊಂಬತ್ತಕ್ಕೆ ಅಂಕಿ ಬಂತು.
ಒಂದಕ್ಕೆ, ಅಂಕಿಯ ಜಾಗದಲ್ಲಿ, ಅಚ್ಚಗನ್ನಡದಲ್ಲಿ,
ಎರಡಕ್ಷರ: ಒದ್ದೆ.

ಮೂರು ವರ್ಷದಿಂದ ತೋಟದವರ ಮೊಬೈಲು
ಆಗಾಗ ಯಾಕೆ ಮೂಕಾಗುತ್ತಿತ್ತೆಂದು ಆಗ ತಿಳಿಯಿತು.
ಶಂಸು ನಕ್ಕು ನಕ್ಕು ಕುರ್ಚಿಯಿಂದ ಜಾರಿದ.
ತಿದ್ದಲು ಕೈ ಹಾಕಿದೆ. ಚೊಂದಮ್ಮ ತಡೆದಳು:
ಮೊದಲು ಬರೆಯೋಣ.

ಬರೆದಳು.
ತೇವ ಇಪ್ಪತ್ತು ಮೀರಿದರೆ ಅಂಕಿ ಬಾರದು. ಒದ್ದೆ ಎಂದು ಬರುತ್ತದೆ.
ಕಾರಣ ಗೊತ್ತಿಲ್ಲ. ಕೋಡು ಬರೆದವರು ಕೆಲಸ ಬಿಟ್ಟು
ಸಿದ್ದಾಪುರದಲ್ಲಿ ಬೇಕರಿ ಇಟ್ಟಿದ್ದಾರೆ.

ಸೋಮವಾರ ನೋಡಿದರೆ ಕೆಳಗೆ ಇನ್ನೊಂದು ಸಾಲು:
ಹೋಗಿ ಕೇಳಿದೆ. "ಒದ್ದೆ ಇತ್ತು, ಒದ್ದೆ ಅಂದೆ" ಎಂದರು.